ಆನೆ ಚಿಕ್ಕ ಪದ, ಇರುವೆ ದೊಡ್ಡ ಪದ: ಮಾತಿನೊಳಗಿನ ಧ್ವನಿಗಳಿಗೆ ಮಕ್ಕಳ ಕಿವಿ ತೆರೆಯುವ ಬಗೆ

ಸಕಲೇಶಪುರ, ಆಲೂರಿನ ಕಡೆಯ ಮಕ್ಕಳಿಗೆ ಆನೆಯೆಂದರೆ ಪುಸ್ತಕದ ಚಿತ್ರ ಮಾತ್ರವಲ್ಲ. ತೋಟಕ್ಕೆ ಆನೆ ಇಳಿದಿದೆಯೆಂಬ ಸುದ್ದಿ ಬಂದರೆ ಅಂದು ಶಾಲೆಗೆ ಹೊರಡುವುದೇ ತಡವಾಗುತ್ತದೆ. ಅಂತಹ ಊರಿನ ಐದು ವರ್ಷದ ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು, ‘ಆನೆ’, ‘ಇರುವೆ’ ಎಂಬ ಎರಡು ಪದಗಳಲ್ಲಿ ಯಾವುದು ದೊಡ್ಡ ಪದ ಎಂದು ಕೇಳಿ ನೋಡಿ. ‘ಆನೆ’ ಎಂಬ ಉತ್ತರ ಥಟ್ಟನೆ ಬರುವುದೇ ಹೆಚ್ಚು. ಯಾಕೆ ಎಂದು ಕೇಳಿದರೆ ಮಗು ಎರಡೂ ಕೈಗಳನ್ನು ಅಗಲಿಸಿ ಆನೆಯ ಗಾತ್ರವನ್ನು ತೋರಿಸುತ್ತದೆ. ನಾವು ಕೇಳಿದ್ದು ಪದದ ವಿಚಾರ, ಮಗು ಹೇಳಿದ್ದು ಪ್ರಾಣಿಯ ವಿಚಾರ. ಮಾತೆಂದರೆ ಅರ್ಥ ಎಂದೇ ತಿಳಿದು ಬೆಳೆದ ಮಗುವಿಗೆ, ಮಾತಿಗೆ ಅರ್ಥದಿಂದ ಬೇರೆಯಾದ ಒಂದು ಮೈಯಿದೆ, ಅದು ಧ್ವನಿಗಳಿಂದ ಆದದ್ದು ಮತ್ತು ಅದನ್ನು ಬಿಡಿಸಿ ನೋಡಬಹುದು ಎಂಬುದು ಇನ್ನೂ ಹೊಳೆದಿಲ್ಲ.

ಹೀಗೆ ಹೊಳೆಯುವುದನ್ನೇ ಶಿಕ್ಷಣಶಾಸ್ತ್ರದವರು ಧ್ವನಿಯ ಅರಿವು ಅಥವಾ ಫೋನಾಲಾಜಿಕಲ್ ಅವೇರ್‌ನೆಸ್ ಎನ್ನುತ್ತಾರೆ. ಇದು ಅಕ್ಷರ ಕಲಿಕೆಯಲ್ಲ. ಸ್ಲೇಟು, ಬಳಪ, ಪುಸ್ತಕ ಯಾವುದೂ ಇಲ್ಲದೆ, ಕಣ್ಣು ಮುಚ್ಚಿಕೊಂಡು ಮಾಡಬಹುದಾದ ಕೆಲಸ ಇದು. ಒಂದು ವಾಕ್ಯದಲ್ಲಿ ಪದಗಳಿವೆ, ಪದದಲ್ಲಿ ‘ಇ-ರು-ವೆ’ ಎಂದು ಬಿಡಿಸಬಹುದಾದ ಉಚ್ಚಾರಾಂಶಗಳಿವೆ, ‘ರು’ ಎಂಬ ಉಚ್ಚಾರಾಂಶದೊಳಗೂ ‘ರ್’ ಮತ್ತು ‘ಉ’ ಎಂಬ ಎರಡು ಧ್ವನಿಗಳಿವೆ ಎಂದು ಕಿವಿಯಿಂದಲೇ ಗುರುತಿಸಿ, ಬೇಕಾದಾಗ ಅವುಗಳನ್ನು ಬೇರೆ ಮಾಡಿ, ಕೂಡಿಸಿ, ಬದಲಾಯಿಸಬಲ್ಲ ಶಕ್ತಿ ಇದು. ಈ ಕೊನೆಯ ಪದರ, ಅಂದರೆ ಉಚ್ಚಾರಾಂಶದೊಳಗಿನ ಬಿಡಿ ಧ್ವನಿಯನ್ನು ಹಿಡಿಯುವುದು, ಎಲ್ಲಕ್ಕಿಂತ ಕಷ್ಟದ್ದು. ಭಾಷಾವಿಜ್ಞಾನದಲ್ಲಿ ಆ ಬಿಡಿ ಧ್ವನಿಗೆ ಧ್ವನಿಮಾ ಎಂಬ ಹೆಸರಿದೆ.

ಕಷ್ಟವೇಕೆಂದು ತಿಳಿಯಲು ಕನ್ನಡಿಯ ಮುಂದೆ ನಿಂತು ಮೊದಲು ‘ಕಿ’, ಆಮೇಲೆ ‘ಕು’ ಎಂದು ನಿಧಾನವಾಗಿ ಹೇಳಿ ನೋಡಬೇಕು. ‘ಕು’ ಎನ್ನಲು ಹೊರಟ ಬಾಯಿ, ‘ಕ್’ ಧ್ವನಿ ಹೊರಡುವ ಮೊದಲೇ ತುಟಿಗಳನ್ನು ದುಂಡಗೆ ಮಾಡಿಕೊಂಡಿರುತ್ತದೆ. ‘ಕಿ’ ಎನ್ನುವಾಗ ತುಟಿಗಳು ಆಗಲೇ ಅಗಲವಾಗಿರುತ್ತವೆ. ಸ್ವರ ವ್ಯಂಜನದ ಹಿಂದೆ ಸಾಲಾಗಿ ಬರುವುದಿಲ್ಲ, ಅದರೊಳಗೇ ಬೆರೆತು ಬರುತ್ತದೆ. ಆದ್ದರಿಂದ ನಾವು ‘ಕ್’ ಎಂದು ಕರೆಯುವ ಧ್ವನಿ ಕಿವಿಗೆ ಬಿಡಿಯಾಗಿ ಸಿಗುವ ವಸ್ತುವಲ್ಲ. ‘ಕಿ’, ‘ಕು’, ‘ಕಾ’ಗಳನ್ನು ಅಕ್ಕಪಕ್ಕ ಇಟ್ಟು ಹೋಲಿಸಿದಾಗ ಮನಸ್ಸು ಕಂಡುಕೊಳ್ಳುವ ಸಾಮ್ಯ ಅದು. ಉಚ್ಚಾರಾಂಶ ಹಾಗಲ್ಲ. ಅದು ಬಾಯಿ ಒಮ್ಮೆ ತೆರೆದು ಮುಚ್ಚುವ ಲಯಕ್ಕೆ ಹೊಂದಿಕೊಂಡಿರುವುದರಿಂದ ಯಾರೂ ಕಲಿಸದೆಯೂ ಅನುಭವಕ್ಕೆ ಬರುತ್ತದೆ.

ಇದನ್ನು ಅಳೆದು ತೋರಿಸಿದ ಪ್ರಯೋಗವೊಂದನ್ನು ಅಮೆರಿಕದಲ್ಲಿ ಇಸಾಬೆಲ್ ಲಿಬರ್ಮನ್ ಮತ್ತು ಸಂಗಡಿಗರು 1974ರಲ್ಲಿ ಪ್ರಕಟಿಸಿದರು. ಮಕ್ಕಳ ಕೈಗೆ ಪುಟ್ಟ ಕೋಲು ಕೊಟ್ಟು, ಕೇಳಿದ ಪದದಲ್ಲಿ ಎಷ್ಟು ತುಂಡುಗಳಿವೆಯೋ ಅಷ್ಟು ಬಾರಿ ತಟ್ಟಲು ಹೇಳಲಾಯಿತು. ನಾಲ್ಕು ವರ್ಷದವರಲ್ಲಿ ಹೆಚ್ಚು ಕಡಿಮೆ ಅರ್ಧದಷ್ಟು ಮಕ್ಕಳು ಉಚ್ಚಾರಾಂಶಗಳನ್ನು ಸರಿಯಾಗಿ ತಟ್ಟಿದರು; ಬಿಡಿ ಧ್ವನಿಗಳನ್ನು ತಟ್ಟಬಲ್ಲವರು ಆ ವಯಸ್ಸಿನಲ್ಲಿ ಒಬ್ಬರೂ ಇರಲಿಲ್ಲ. ಒಂದನೆಯ ತರಗತಿಯ ಕೊನೆಗೆ ಉಚ್ಚಾರಾಂಶದಲ್ಲಿ ಶೇ. 90ರಷ್ಟು, ಬಿಡಿ ಧ್ವನಿಯಲ್ಲಿ ಶೇ. 70ರಷ್ಟು ಮಕ್ಕಳು ಗೆದ್ದರು. ನಡುವೆ ಆದದ್ದೇನು? ವಯಸ್ಸು ಹೆಚ್ಚಿತು, ಜೊತೆಗೆ ಓದು ಕಲಿತರು. ಈ ಎರಡರಲ್ಲಿ ಕಾರಣ ಯಾವುದು ಎಂಬುದಕ್ಕೆ 1979ರಲ್ಲಿ ಜೋಸೆ ಮೊರೈಸ್ ಮತ್ತು ಸಂಗಡಿಗರು ಪೋರ್ಚುಗಲ್ಲಿನಲ್ಲಿ ನಡೆಸಿದ ಅಧ್ಯಯನ ಉತ್ತರ ಕೊಟ್ಟಿತು. ಓದು ಬರಹವನ್ನೇ ಕಲಿಯದ ವಯಸ್ಕರಿಗೆ ಪದದ ಮೊದಲ ಧ್ವನಿಯೊಂದನ್ನು ತೆಗೆದು ಹೇಳುವುದು ಬಹುಮಟ್ಟಿಗೆ ಅಸಾಧ್ಯವಾಗಿತ್ತು. ಅದೇ ಹಿನ್ನೆಲೆಯ, ಆದರೆ ದೊಡ್ಡವರಾದ ಮೇಲೆ ಅಕ್ಷರ ಕಲಿತಿದ್ದ ಜನ ಅದನ್ನು ಮಾಡಿದರು. ಬಿಡಿ ಧ್ವನಿಯ ಅರಿವು ವಯಸ್ಸಾದಂತೆ ತಾನಾಗಿ ಹಣ್ಣಾಗುವ ಕಾಯಲ್ಲ ಎಂದಾಯಿತು. ನಮ್ಮ ಹಳ್ಳಿಯ ಅಜ್ಜಿಯೊಬ್ಬರು ನೂರಾರು ಸೋಬಾನೆ ಪದಗಳನ್ನು ಒಂದು ಮಾತ್ರೆಯೂ ತಪ್ಪದಂತೆ ಹಾಡಬಲ್ಲವರಾಗಿದ್ದು, ‘ರಾಗಿ’ಯಿಂದ ‘ರ್’ ತೆಗೆದರೆ ಏನುಳಿಯುತ್ತದೆ ಎಂಬ ಪ್ರಶ್ನೆಗೆ ತಬ್ಬಿಬ್ಬಾದರೆ, ಅದು ಬುದ್ಧಿಯ ಕೊರತೆಯಲ್ಲ. ಆ ಪ್ರಶ್ನೆ ಲಿಪಿಯನ್ನು ಬಲ್ಲವರ ಪ್ರಶ್ನೆ.

ಲಿಪಿ ಎಂದೊಡನೆ ಕನ್ನಡದ ವಿಷಯ ಬೇರೆಯಾಗುತ್ತದೆ, ಮತ್ತು ನಾನು ಮುಖ್ಯವಾಗಿ ಹೇಳಬೇಕಾದದ್ದು ಇಲ್ಲಿದೆ. ಇಂಗ್ಲಿಷಿನ ಅಕ್ಷರ ಬಿಡಿ ಧ್ವನಿಯನ್ನು ಸೂಚಿಸಲು ಹೊರಟದ್ದು. ನಮ್ಮ ಅಕ್ಷರ ಹೆಚ್ಚುಕಡಿಮೆ ಉಚ್ಚಾರಾಂಶವನ್ನೇ ಹಿಡಿದದ್ದು. ‘ಹಾಸನ’ ಎಂದರೆ ಬಾಯಿಗೆ ಮೂರು ತುಂಡು, ಬರಹಕ್ಕೂ ಮೂರು ಅಕ್ಷರ. ಆದ್ದರಿಂದ ಉಚ್ಚಾರಾಂಶದ ಅರಿವಿರುವ ಮಗು ಕನ್ನಡದ ಓದಿನ ಹೊಸ್ತಿಲನ್ನು ಸುಲಭವಾಗಿ ದಾಟುತ್ತದೆ. ತೊಡಕು ಎದುರಾಗುವುದು ಒಳಗೆ ಹೋದ ಮೇಲೆ, ಕಾಗುಣಿತದಲ್ಲಿ. ಸೊನಾಲಿ ನಾಗ್ ಅವರು ಕನ್ನಡ ಮಾಧ್ಯಮದ ಮಕ್ಕಳ ಓದಿನ ಬಗ್ಗೆ 2007ರಲ್ಲಿ ಪ್ರಕಟಿಸಿದ ಅಧ್ಯಯನವು, ಕನ್ನಡದ ಮಕ್ಕಳಲ್ಲಿ ಉಚ್ಚಾರಾಂಶದ ಅರಿವು ಮುಂದಿದ್ದು ಬಿಡಿ ಧ್ವನಿಯ ಅರಿವು ನಿಧಾನವಾಗಿ ಮೂಡುತ್ತದೆ, ಅಕ್ಷರಗಳ ಕಲಿಕೆಯೇ ನಾಲ್ಕನೆಯ ತರಗತಿಯವರೆಗೂ ಮುಂದುವರಿಯುತ್ತದೆ ಎಂದು ತೋರಿಸಿತು. 34 ವ್ಯಂಜನಗಳು 13 ಸ್ವರಗಳೊಡನೆ ಕೂಡಿದರೆ 442 ರೂಪಗಳಾಗುತ್ತವೆ. ಒತ್ತಕ್ಷರಗಳು ಇನ್ನೂ ಲೆಕ್ಕಕ್ಕೆ ಬಂದಿಲ್ಲ. ‘ಕಿ’ ಎಂದರೆ ‘ಕ್’ ಮತ್ತು ‘ಇ’ ಎಂಬುದು ಕಿವಿಗೆ ಹೊಳೆದ ಮಗುವಿಗೆ ಇದೊಂದು ವ್ಯವಸ್ಥೆ. ಒಂದು ಗುಡಿಸನ್ನು ಕಲಿತರೆ 34 ಕಡೆ ಬಳಸಬಹುದು. ಹೊಳೆಯದ ಮಗುವಿಗೆ ಇವು 442 ಬೇರೆ ಬೇರೆ ಚಿತ್ರಗಳು. ತಲೆಕಟ್ಟು, ಇಳಿ, ಗುಡಿಸು, ಕೊಂಬು ಎಂದು ಇಡೀ ಕಾಗುಣಿತವನ್ನು ರಾಗವಾಗಿ ಒಪ್ಪಿಸುವ ಮಗು, ನಡುವಿನ ‘ಗೆ’ಯನ್ನು ತೋರಿಸಿದರೆ ಮತ್ತೆ ‘ಗ’ದಿಂದ ಶುರು ಮಾಡಿ ಎಣಿಸಿಕೊಂಡು ಬರುವುದನ್ನು ಒಂದನೆಯ, ಎರಡನೆಯ ತರಗತಿಯ ಟೀಚರುಗಳೆಲ್ಲ ನೋಡಿದ್ದಾರೆ. ಅದು ಬಾಯಿಪಾಠದ ದೋಷವೆನ್ನುವುದಕ್ಕಿಂತ, ಅಕ್ಷರ ಇನ್ನೂ ಆ ಮಗುವಿಗೆ ಒಡೆದಿಲ್ಲ ಎನ್ನುವುದು ಹೆಚ್ಚು ನಿಜ.

ಬೇಲೂರು ತಾಲೂಕಿನ ಹಲ್ಮಿಡಿಯಲ್ಲಿ ಸಿಕ್ಕ ಶಾಸನ ಸುಮಾರು ಕ್ರಿ.ಶ. 450ರದೆಂದು ವಿದ್ವಾಂಸರು ಎಣಿಸುತ್ತಾರೆ. ಅದರಲ್ಲಿಯೂ ಸ್ವರಚಿಹ್ನೆಗಳು ವ್ಯಂಜನಕ್ಕೆ ಅಂಟಿಕೊಂಡಿವೆ, ಒತ್ತಕ್ಷರಗಳು ಕೆಳಗೆ ಇಳಿದಿವೆ. ಈ ಬಗೆಯ ಲಿಪಿಯನ್ನು ಮೊದಲು ರೂಪಿಸಿದವರು ಉಚ್ಚಾರಾಂಶವನ್ನು ಒಡೆದು ನೋಡಿ, ಒಡೆದದ್ದನ್ನು ಮತ್ತೆ ಕೂಡಿಸಿ ಬರೆದಿದ್ದಾರೆ. ನಮ್ಮ ಮಗು ಕಾಗುಣಿತ ಕಲಿಯುವಾಗ ಅದೇ ಕೆಲಸವನ್ನು ತನ್ನ ಕಿವಿಯಲ್ಲಿ ಇನ್ನೊಮ್ಮೆ ಮಾಡಬೇಕಾಗುತ್ತದೆ.

ಹಾಗಾದರೆ ಎಲ್ಲಿಂದ ತೊಡಗಬೇಕು? ಪದಗಳನ್ನು ತುಂಡು ಮಾಡುವುದರಿಂದ. ಅದಕ್ಕೆ ಹಾಸನದ ಬಸ್‌ಸ್ಟ್ಯಾಂಡಿಗಿಂತ ಒಳ್ಳೆಯ ಪಾಠಶಾಲೆ ನನಗೆ ತೋರುವುದಿಲ್ಲ. ಬೇಲೂರು, ಆಲೂರು, ಅರಕಲಗೂಡು, ಚನ್ನರಾಯಪಟ್ಟಣ ಎಂದು ಕಂಡಕ್ಟರುಗಳು ಕೂಗುವುದನ್ನು ಕೇಳಿಸಿಕೊಳ್ಳುತ್ತ ನಿಂತ ಮಗುವಿಗೆ, ಒಂದೊಂದು ಊರಿಗೂ ಎಷ್ಟು ಚಪ್ಪಾಳೆ ಎಂದು ಕೇಳಬಹುದು. ಕೊಪ್ಪಕ್ಕೆ ಎರಡು, ಕಡೂರಿಗೆ ಮೂರು, ಮೂಡಿಗೆರೆಗೆ ನಾಲ್ಕು, ಚಿಕ್ಕಮಗಳೂರಿಗೆ ಆರು. ಚಪ್ಪಾಳೆ ಬಂದ ಮೇಲೆ ಕತ್ತರಿಸುವುದು: ‘ಬೇಲೂರು’ ಎನ್ನುವಲ್ಲಿ ‘ಬೇ’ ಬಿಟ್ಟರೆ ಏನು? ‘ಲೂರು’ ಉಳಿಯಿತು, ಅದಕ್ಕೆ ಮುಂದೆ ‘ಆ’ ಸೇರಿಸಿದರೆ ಬಸ್ಸು ಆಲೂರಿಗೆ ಹೋಯಿತು. ಬೇಲೂರು, ಕಡೂರು, ಬೀರೂರು, ಮೂಡಿಗೆರೆ ಎಂಬ ನಾಲ್ಕರಲ್ಲಿ ಗುಂಪಿಗೆ ಸೇರದ್ದು ಯಾವುದು ಎಂದು ಕೇಳಿದರೆ ಕೊನೆಯ ಸದ್ದು ಕಿವಿಗೆ ಬೀಳುತ್ತದೆ. ಇಂಗ್ಲೆಂಡಿನಲ್ಲಿ ಬ್ರ್ಯಾಡ್ಲಿ ಮತ್ತು ಬ್ರಯಾಂಟ್ ಎಂಬ ಸಂಶೋಧಕರು ಸುಮಾರು 400 ಪುಟ್ಟ ಮಕ್ಕಳ ಮೇಲೆ ಬಳಸಿದ್ದು ಇಂತಹ ‘ಗುಂಪಿಗೆ ಸೇರದ ಪದ’ದ ಆಟವನ್ನೇ, ಆ ಆಟದಲ್ಲಿ ಮುಂದಿದ್ದ ಮಕ್ಕಳು ವರ್ಷಗಳ ನಂತರ ಓದಿನಲ್ಲೂ ಮುಂದಿದ್ದರೆಂದು ಅವರು 1983ರಲ್ಲಿ ವರದಿ ಮಾಡಿದರು. ಅವರ ಇನ್ನೊಂದು ಫಲಿತಾಂಶವನ್ನು ಮರೆಯಬಾರದು: ಧ್ವನಿಯ ಆಟದ ಜೊತೆಗೆ ಅಕ್ಷರಗಳನ್ನೂ ತೋರಿಸಿ ಕಲಿಸಿದ ಮಕ್ಕಳು, ಬರೀ ಧ್ವನಿಯ ಆಟ ಆಡಿದವರಿಗಿಂತ ಹೆಚ್ಚು ಗಳಿಸಿದರು.

ಚಪ್ಪಾಳೆಯ ಆಟದಲ್ಲಿ ದೊಡ್ಡವರು ತಪ್ಪುವ ಒಂದು ಜಾಗವಿದೆ. ‘ಅರಸೀಕೆರೆ’ಗೆ ಮಗು ನಾಲ್ಕು ಚಪ್ಪಾಳೆ ತಟ್ಟಿದರೆ, ಬರಹದ ಐದು ಅಕ್ಷರಗಳನ್ನು ಕಣ್ಣ ಮುಂದೆ ಇಟ್ಟುಕೊಂಡ ನಾವು ತಪ್ಪು ಎಂದುಬಿಡುತ್ತೇವೆ. ಆದರೆ ಮಾತಿನಲ್ಲಿ ನಾವೇ ‘ಅರ್ಸೀಕೆರೆ’ ಎನ್ನುತ್ತೇವೆ. ‘ಕೆಲಸ’ವನ್ನು ‘ಕೆಲ್ಸ’ ಎನ್ನುತ್ತೇವೆ. ಮಗು ಕೇಳಿದ್ದನ್ನೇ ತಟ್ಟಿದೆ, ಅದರ ಕಿವಿ ಚೆನ್ನಾಗಿದೆ. ಹಾಗೆಯೇ ‘ಚಿಕ್ಕ’ ಎಂಬುದು ಬಾಯಿಯಲ್ಲಿ ‘ಚಿಕ್-ಕ’ ಎಂದು ಒಡೆಯುತ್ತದೆ, ಬರಹದಲ್ಲಿ ‘ಚಿ’, ‘ಕ್ಕ’ ಎಂದು ಒಡೆಯುತ್ತದೆ. ‘ಅಕ್ಕ’ ಎಂದು ಬರೆಯಬೇಕಾದಲ್ಲಿ ‘ಅಕ’ ಎಂದೂ, ‘ಹತ್ತಿ’ ಎಂಬಲ್ಲಿ ‘ಹತಿ’ ಎಂದೂ ಬರೆಯುವ ಮಗುವಿಗೆ ಒತ್ತಕ್ಷರವನ್ನು ಹತ್ತು ಸಲ ಬರೆಸುವುದಕ್ಕಿಂತ, ‘ಅಕ್’ ಎಂದು ನಾಲಿಗೆ ತಡೆದು ನಿಲ್ಲುವ ಆ ಅರೆಕ್ಷಣವನ್ನು ಅದರ ಗಮನಕ್ಕೆ ತರುವುದು ಹೆಚ್ಚು ಉಪಯೋಗದ್ದು. ಹ್ರಸ್ವ ದೀರ್ಘಗಳಿಗೂ ಇದೇ ಮಾತು. ‘ಕರು’ ಎನ್ನುವಾಗ ಎರಡು ಕೈಗಳನ್ನು ಹತ್ತಿರ, ‘ಕಾರು’ ಎನ್ನುವಾಗ ದಾರ ಎಳೆದಂತೆ ದೂರ ಮಾಡಿಸಿದರೆ, ಇಳಿ ಹಾಕುವುದನ್ನು ಮರೆಯುವ ಅಭ್ಯಾಸ ತಾನಾಗಿ ಕಡಿಮೆಯಾಗುತ್ತ ಬರುತ್ತದೆ.

ಮಕ್ಕಳು ಶಾಲೆಗೆ ಬರುವ ಮುಂಚೆಯೇ ಈ ವಿದ್ಯೆಯ ಬೀಜ ಅವರ ಮಾತಿನಲ್ಲಿ ಇರುತ್ತದೆ ಎಂಬುದಕ್ಕೆ ನನಗೆ ಅತ್ಯಂತ ಸಂತೋಷ ಕೊಡುವ ಸಾಕ್ಷಿಯೆಂದರೆ ನಮ್ಮ ಜೋಡಿಮಾತುಗಳು. ಕಾಫಿಗೀಫಿ, ಮಳೆಗಿಳೆ, ಬಸ್ಸುಗಿಸ್ಸು, ತೋಟಗೀಟ. ಇನ್ನೂ ಅಂಗನವಾಡಿಗೆ ಹೋಗುವ ಮಗು ಕೂಡ ‘ಊಟಗೀಟ ಆಯ್ತಾ’ ಎಂದು ದೊಡ್ಡವರಂತೆ ಕೇಳುತ್ತದೆ. ಹಾಗೆ ಕೇಳಬೇಕಾದರೆ ಅದು ಪದದ ಮೊದಲ ಉಚ್ಚಾರಾಂಶವನ್ನು ಕಳಚಿ, ಆ ಜಾಗಕ್ಕೆ ‘ಗಿ’ಯನ್ನೋ ‘ಗೀ’ಯನ್ನೋ ಇಟ್ಟು, ಉಳಿದದ್ದನ್ನು ಹಾಗೆಯೇ ಉಳಿಸಿಕೊಂಡಿರಬೇಕು, ಅಷ್ಟೇ ಅಲ್ಲ, ಮೊದಲ ಸ್ವರ ಹ್ರಸ್ವವಾಗಿದ್ದರೆ ‘ಗಿ’, ದೀರ್ಘವಾಗಿದ್ದರೆ ‘ಗೀ’ ಎಂಬ ನಿಯಮವನ್ನೂ ಪಾಲಿಸಿರಬೇಕು. ‘ಮಳೆಗೀಳೆ’ ಎಂದು ಯಾವ ಮಗುವೂ ಅನ್ನುವುದಿಲ್ಲ. ತಿಳಿಯದೆ ಮಾಡುವ ಈ ಕೆಲಸವನ್ನು ತಿಳಿದು ಮಾಡುವಂತೆ ಮಾಡಿದರೆ ಸಾಕು. ಇಂದು ಎಲ್ಲ ಪದಕ್ಕೂ ‘ಗೀ’ ಬೇಡ, ‘ಪೀ’ ಹಚ್ಚೋಣ ಎಂದರೆ ಆಟ ಶುರುವಾಯಿತು. ದೊಡ್ಡ ಮಕ್ಕಳು ಗುಟ್ಟು ಮಾತಾಡಲು ಬಳಸುವ ‘ಕ’ ಭಾಷೆಯೂ ಇಂಥದ್ದೇ. ‘ನೀನು ಬಾ’ ಎಂಬುದನ್ನು ‘ಕನೀ ಕನು ಕಬಾ’ ಎಂದು ಸರಸರನೆ ಹೇಳುವ ಮಗುವಿಗೆ ಉಚ್ಚಾರಾಂಶದ ಮೇಲೆ ಪೂರ್ಣ ಹಿಡಿತವಿದೆಯೆಂದು ಯಾವ ಪರೀಕ್ಷೆಯೂ ಇಲ್ಲದೆ ಹೇಳಬಹುದು. ತರಗತಿಯಲ್ಲಿ ಆ ಭಾಷೆ ಕೇಳಿಬಂದರೆ ಗದರಿಸಬಾರದೆಂದು ನನ್ನ ವಿನಂತಿ.

ಉಚ್ಚಾರಾಂಶದಿಂದ ಬಿಡಿ ಧ್ವನಿಗೆ ಇಳಿಯುವ ಮೆಟ್ಟಿಲನ್ನು ಚಿಕ್ಕಮಗಳೂರು ಜಿಲ್ಲೆಯ ಊರಿನ ಹೆಸರಿರುವ ಒಂದು ನಾಲಿಗೆತಿರುಚು ಒದಗಿಸುತ್ತದೆ: ತರೀಕೆರೆ ಏರಿ ಮೇಲೆ ಮೂರು ಕರಿ ಕುರಿಮರಿ ಮೇಯುತ್ತಿತ್ತು. ಇದನ್ನು ವೇಗವಾಗಿ ಹೇಳಲು ನಾಲಿಗೆ ಏಕೆ ತಡವರಿಸುತ್ತದೆ ಎಂದು ಯೋಚಿಸಿದರೆ ಪಾಠ ತಾನೇ ಬಿಚ್ಚಿಕೊಳ್ಳುತ್ತದೆ. ‘ಕೆರೆ’, ‘ಕರಿ’, ‘ಕುರಿ’ ಎಂಬ ಮೂರರಲ್ಲೂ ‘ಕ್’, ‘ರ್’ ಎಂಬ ವ್ಯಂಜನಗಳು ಅವೇ. ಬದಲಾಗುವುದು ಸ್ವರ ಮಾತ್ರ. ‘ಕರಿ’, ‘ಮರಿ’ ಎಂಬ ಎರಡರಲ್ಲಿ ಬದಲಾಗುವುದು ಮೊದಲ ವ್ಯಂಜನ ಮಾತ್ರ. ನಾಲ್ಕೈದು ಸಲ ಹೇಳಿ ನಕ್ಕ ಮೇಲೆ ನಿಧಾನಿಸಿ, ‘ಕರಿ’ಯನ್ನು ‘ಕುರಿ’ ಮಾಡಲು ಬಾಯಿ ಏನನ್ನು ಬದಲಾಯಿಸಿತು ಎಂದು ಕೇಳಬೇಕು. ತುಟಿ ದುಂಡಗಾಯಿತು ಎಂದು ಮಗು ಹೇಳಿದರೆ ಅದು ‘ಉ’ವನ್ನು ಕಂಡಿತು, ಹಿಂದಿನ ಧ್ವನಿ ಹಾಗೆಯೇ ಇದೆ ಎಂದರೆ ‘ಕ್’ ಅನ್ನೂ ಕಂಡಿತು. ಅಂದು ಕಪ್ಪುಹಲಗೆಯ ಮೇಲೆ ‘ಕರಿ’, ‘ಕುರಿ’ ಎಂದು ಒಂದರ ಕೆಳಗೊಂದು ಬರೆದು ಕೊಂಬನ್ನು ತೋರಿಸಿದರೆ, ಆ ಗುರುತು ಏಕಿದೆಯೆಂದು ವಿವರಿಸಬೇಕಾಗುವುದಿಲ್ಲ. ಇದಾದ ಮೇಲೆ ‘ಹಾಲು’, ‘ಕಾಲು’, ‘ಸಾಲು’ ಎಂದು ಮೊದಲ ವ್ಯಂಜನವನ್ನೂ, ‘ಹಲ್ಲು’, ‘ಹುಲ್ಲು’ ಎಂದು ಸ್ವರವನ್ನೂ ಬದಲಿಸುತ್ತ ಹೋಗಬಹುದು. ಸರ್ಕಾರಿ ಶಾಲೆಗಳ ನಲಿ-ಕಲಿಯಲ್ಲಿ ‘ಅ’ದಿಂದ ‘ಳ’ದವರೆಗಿನ ಕ್ರಮವನ್ನು ಬಿಟ್ಟು ‘ರ, ಗ, ಸ, ದ, ಅ’ ಎಂಬ ಗುಂಪಿನಿಂದ ಆರಂಭಿಸುವುದರಿಂದ ಮೊದಲ ವಾರಗಳಲ್ಲೇ ಪದಗಳು ಕೈಗೆ ಸಿಗುತ್ತವೆ. ಧ್ವನಿ ಮತ್ತು ಅಕ್ಷರ ಒಟ್ಟಿಗೆ ನಡೆಯಲು ಆ ಕ್ರಮ ಅನುಕೂಲವಾಗಿದೆ.

ನಮ್ಮ ಹಳೆಯ ಕವಿಗಳಿಗೆ ಇದು ಗೊತ್ತಿತ್ತು ಎಂಬುದನ್ನು ಇಲ್ಲಿ ನೆನೆಯದೆ ಇರಲಾರೆ. ಪದ್ಯದ ಪ್ರತಿ ಸಾಲಿನ ಎರಡನೆಯ ಅಕ್ಷರ ಒಂದೇ ಆಗಿರಬೇಕೆಂಬ ಆದಿಪ್ರಾಸದ ನಿಯಮದಲ್ಲಿ ಹೊಂದಬೇಕಾದದ್ದು ವ್ಯಂಜನ. ಸ್ವರ ಬೇರೆಯಾದರೂ ಪ್ರಾಸ ಕೆಡುವುದಿಲ್ಲ. ಮೊದಲ ಸಾಲಿನಲ್ಲಿ ಅದರ ಹಿಂದಿನ ಸ್ವರ ಹ್ರಸ್ವವಾಗಿದ್ದರೆ ಉಳಿದ ಸಾಲುಗಳಲ್ಲೂ ಹ್ರಸ್ವವೇ ಬರಬೇಕು. ಅದಕ್ಕೆ ಸಿಂಹಪ್ರಾಸವೆಂದೂ ದೀರ್ಘವಿದ್ದರೆ ಗಜಪ್ರಾಸವೆಂದೂ ಹೆಸರು. ‘ಕರಿ’, ‘ಕುರಿ’, ‘ಕೆರೆ’ಗಳು ಆ ಲೆಕ್ಕದಲ್ಲಿ ಪ್ರಾಸಪದಗಳೇ.

ಇನ್ನು ಮನೆಮಾತಿನ ವಿಷಯ. ಹಾಸನದ ಅನೇಕ ಹಳ್ಳಿಗಳ ಆಡುಮಾತಿನಲ್ಲಿ ‘ಹ’ಕಾರ ಜಾರಿಹೋಗುತ್ತದೆ; ‘ಹಾಲು’ ‘ಆಲು’ ಆಗುತ್ತದೆ. ‘ಭ’, ‘ಧ’ಗಳಂತಹ ಮಹಾಪ್ರಾಣಗಳು ಬಹುತೇಕ ಕನ್ನಡಿಗರ ದಿನನಿತ್ಯದ ಮಾತಿನಲ್ಲಿ ಕೇಳಿಸುವುದೇ ಇಲ್ಲ. ಇಂತಹ ಮನೆಯಿಂದ ಬಂದ ಮಗುವಿಗೆ ‘ಹ’ ಮತ್ತು ‘ಅ’ ಬೇರೆಯೆಂಬುದು ಹೊಸ ಸಂಗತಿ, ತಾನು ಮಾಡಿದ ತಪ್ಪಲ್ಲ. ‘ನಿಮ್ಮ ಅವ್ವ ಆಲು ಅಂತಾರೆ, ಪುಸ್ತಕದಲ್ಲಿ ಹಾಲು ಅಂತಿದೆ, ಎರಡರಲ್ಲಿ ಏನು ಬೇರೆ, ಅಂಗೈಯನ್ನು ಬಾಯಿಯ ಮುಂದೆ ಹಿಡಿದು ನೋಡು’ ಎಂದು ಕೇಳುವ ಟೀಚರು, ಮಗುವನ್ನೂ ಅದರ ತಾಯಿಯನ್ನೂ ನಾಚಿಸದೆ, ಒಂದು ಧ್ವನಿಯನ್ನು ಉಸಿರಿನ ಬಿಸಿಯಿಂದಲೇ ಪರಿಚಯ ಮಾಡಿಸುತ್ತಾರೆ. ಕಾಫಿ ತೋಟಗಳ ಲೈನ್‌ಮನೆಗಳಿಂದ ಬರುವ ಮಕ್ಕಳಲ್ಲಿ ತಮಿಳು, ತುಳು, ಲಂಬಾಣಿ, ಉರ್ದು, ಇತ್ತೀಚೆಗೆ ಅಸ್ಸಾಮಿ, ಹಿಂದಿ ಮಾತಾಡುವವರೂ ಇದ್ದಾರೆ. ಪದವನ್ನು ತುಂಡು ಮಾಡುವ ಅರಿವು ಒಂದು ಭಾಷೆಯಲ್ಲಿ ಮೂಡಿದರೆ ಇನ್ನೊಂದು ಭಾಷೆಗೂ ನೆರವಾಗುತ್ತದೆ. ಆದ್ದರಿಂದ ಅಂತಹ ಮಗುವಿನ ಮೊದಲ ಚಪ್ಪಾಳೆ ಅದರ ಹೆಸರಿಗೆ, ಅದರ ಅಮ್ಮನ ಹೆಸರಿಗೆ, ಅದರ ಮನೆಮಾತಿನ ಪದಕ್ಕೇ ಇರಲಿ.

ಇಂಗ್ಲಿಷ್ ಮಾಧ್ಯಮಕ್ಕೆ ಸೇರಿದ ಮಕ್ಕಳ ತಂದೆತಾಯಂದಿರಿಗೆ ಒಂದು ಮಾತು. ಕನ್ನಡದ ಪದಗಳು ಸಾಮಾನ್ಯವಾಗಿ ಸ್ವರದಲ್ಲಿ ಮುಗಿಯುತ್ತವೆ. ಆದ್ದರಿಂದಲೇ ನಾವು ‘ಬಸ್’ ಅನ್ನು ‘ಬಸ್ಸು’ ಮಾಡಿಕೊಂಡದ್ದು. ಇಂಗ್ಲಿಷಿನ ‘ಬ್ಯಾಟ್’ ಎಂಬುದನ್ನು ‘ಬ, ಆ್ಯ, ಟ’ ಎಂದು ಬಿಡಿಸಿ ಹೇಳಿಕೊಟ್ಟರೆ, ಕೂಡಿಸುವಾಗ ಆ ಹೆಚ್ಚುವರಿ ‘ಅ’ಕಾರಗಳು ದಾರಿಗೆ ಅಡ್ಡ ಬರುತ್ತವೆ. ‘ಬ್’, ‘ಟ್’ ಎಂದು ಸ್ವರವಿಲ್ಲದೆ ಚುಟುಕಾಗಿ ಹೇಳಬೇಕು. ಕನ್ನಡದಲ್ಲಿ ಅಕ್ಷರವನ್ನು ಒಡೆದು ನೋಡಿದ ಮಗುವಿಗೆ ಇದು ಮೊದಲೇ ಪರಿಚಿತವಾಗಿರುತ್ತದೆ.

ಇದಕ್ಕೆಲ್ಲ ದಿನಕ್ಕೆ ಹತ್ತು ನಿಮಿಷ ಸಾಕು, ಗಂಟೆಗಟ್ಟಲೆ ಬೇಡ. ನಾಲ್ಕೈದು ವರ್ಷಕ್ಕೆ ಚಪ್ಪಾಳೆ ಮತ್ತು ಪ್ರಾಸ, ಆರೇಳು ವರ್ಷಕ್ಕೆ ಕಾಗುಣಿತದ ಜೊತೆಜೊತೆಗೆ ಅಕ್ಷರ ಒಡೆಯುವ ಆಟ ಎಂದಿಟ್ಟುಕೊಳ್ಳಬಹುದು. ಒಂದು ಮಗು ಆರು ತಿಂಗಳು ಹಿಂದೆ ಬಿದ್ದರೆ ಗಾಬರಿಯಾಗಬೇಕಿಲ್ಲ. ಆದರೆ ಎರಡನೆಯ ತರಗತಿ ಮುಗಿಯುತ್ತ ಬಂದರೂ ತನ್ನ ಹೆಸರಿನ ಉಚ್ಚಾರಾಂಶಗಳನ್ನು ಬಿಡಿಸಲಾಗದ, ಪ್ರಾಸವನ್ನು ಗುರುತಿಸದ ಮಗುವಿದ್ದರೆ ಮೊದಲು ಕಿವಿಯನ್ನು ಪರೀಕ್ಷಿಸಬೇಕು. ಮಲೆನಾಡಿನ ಮಳೆಗಾಲದಲ್ಲಿ ಶೀತ ಬಿಡದೆ ಕಾಡಿದಾಗ ಕಿವಿಯ ತಮಟೆಯ ಹಿಂದೆ ನೀರು ನಿಂತು, ನೋವಿಲ್ಲದೆಯೂ ವಾರಗಟ್ಟಲೆ ಕೇಳುವಿಕೆ ಮಂದವಾಗಬಹುದು. ಆಗ ಮಗುವಿಗೆ ಮಾತು ಕೇಳುತ್ತದೆ, ‘ಸ’, ‘ತ’ಗಳಂತಹ ಮೆಲುಧ್ವನಿಗಳ ವ್ಯತ್ಯಾಸ ಕೇಳುವುದಿಲ್ಲ. ಕರೆದರೆ ತಿರುಗಿ ನೋಡುತ್ತದಲ್ಲ ಎಂದು ಮನೆಯವರು ಸಮಾಧಾನಪಡುವುದು ಸಹಜ, ಆದರೆ ಅದು ಸಾಕಾಗುವ ಪರೀಕ್ಷೆಯಲ್ಲ. ಕಿವಿ ಸೋರುವ, ಬಾಯಿ ತೆರೆದು ಉಸಿರಾಡುವ, ಟೀವಿಯ ಸದ್ದನ್ನು ಪದೇ ಪದೇ ಹೆಚ್ಚಿಸುವ ಮಗುವನ್ನು ಜಿಲ್ಲಾ ಆಸ್ಪತ್ರೆಯ ಕಿವಿ-ಮೂಗು-ಗಂಟಲು ವೈದ್ಯರಿಗೆ ತೋರಿಸಬೇಕು. ಕಿವಿ ಸರಿಯಿದ್ದೂ ತೊಡಕು ಮುಂದುವರಿದರೆ ಮೈಸೂರಿನ ಮಾನಸಗಂಗೋತ್ರಿಯಲ್ಲಿ 1965ರಲ್ಲಿ ಆರಂಭವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಕರೆದೊಯ್ಯಬಹುದು. ಮಗುವಿನ ಮಾತು ಮತ್ತು ಶ್ರವಣ ಎರಡನ್ನೂ ಅಲ್ಲಿ ಒಂದೇ ಕಡೆ, ಕನ್ನಡದಲ್ಲಿಯೇ ಪರೀಕ್ಷಿಸುತ್ತಾರೆ.